ತೊಮಿಯೊಕಾದ ಯಂತ್ರ, ರಾಮನಗರದ ಗೂಡು

ಶನಿವಾರ, ಟೋಕಿಯೊ

ನರಿಟಾದಲ್ಲಿ ಇಳಿದವರಿಗೆ ಜಪಾನು ಮೊದಲು ತೋರಿಸುವುದು ಬುಲೆಟ್ ರೈಲನ್ನಲ್ಲ, ರೋಬೋಟನ್ನೂ ಅಲ್ಲ. ರೈಲು ನಿಲ್ದಾಣದ ಗೇಟನ್ನು. ಕರೆದೊಯ್ಯಲು ಬಂದಿದ್ದ ಅಕ್ಕನ ಮಗ ನನಗೂ ನನ್ನ ಹೆಂಡತಿಗೂ ಒಂದೊಂದು ಕಾರ್ಡು ಕೊಟ್ಟು, "ನಿಲ್ಲಬೇಡಿ ಮಾವ, ನಡೆಯುತ್ತಲೇ ತಾಗಿಸಿ" ಎಂದ. ನಮ್ಮ ಮೆಟ್ರೊದ ಗೇಟು ಮುಚ್ಚಿಕೊಂಡೇ ಇರುತ್ತದೆ, ಕಾರ್ಡು ಸರಿಯಿದ್ದರೆ ತೆರೆದುಕೊಳ್ಳುತ್ತದೆ. ಇಲ್ಲಿನದು ತೆರೆದೇ ಇರುತ್ತದೆ, ಕಾರ್ಡು ಸರಿಯಿಲ್ಲದಿದ್ದರೆ ಮಾತ್ರ ಅಡ್ಡ ಬರುತ್ತದೆ. ಹಾಗೆ ನಂಬಿಕೆಯ ಮೇಲೆ ಬಿಡಬೇಕಾದರೆ ಯಂತ್ರ ಚುರುಕಾಗಿರಬೇಕು. ಕಾರ್ಡನ್ನು ಓದಿ, ಹಣ ಕಳೆದು, ಹೊಸ ಲೆಕ್ಕ ಬರೆದು ಮುಗಿಸುವ ಇಡೀ ಕೆಲಸಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಿಡಿಯಬಾರದೆಂದು ರೈಲ್ವೆಯವರು ಪಟ್ಟು ಹಿಡಿದಿದ್ದರಂತೆ. ಸೋನಿಯ ಫೆಲಿಕಾ ಎಂಬ ಚಿಪ್ ಅದನ್ನು ಸಾಧಿಸಿತು.

ಆ ಚಿಪ್ ದೊಡ್ಡ ಪ್ರಮಾಣದಲ್ಲಿ ಮೊದಲು ಬಳಕೆಗೆ ಬಂದದ್ದು ಜಪಾನಿನಲ್ಲಲ್ಲ, 1997ರಲ್ಲಿ ಹಾಂಗ್‌ಕಾಂಗಿನ ಆಕ್ಟೊಪಸ್ ಕಾರ್ಡಿನಲ್ಲಿ. ಟೋಕಿಯೊಗೆ ಅದೇ ಚಿಪ್ಪಿನ ಸುಯಿಕಾ ಕಾರ್ಡು ಬಂದದ್ದು 2001ರಲ್ಲಿ. ಅಷ್ಟು ಚೆನ್ನಾಗಿದ್ದರೂ ಜಗತ್ತಿನ ಬ್ಯಾಂಕುಗಳು ಅದನ್ನು ಹಿಡಿಯಲಿಲ್ಲ. ತುಸು ನಿಧಾನದ, ಆದರೆ ಅಗ್ಗದ ಬೇರೆ ಮಾದರಿಗಳು ಎಲ್ಲೆಡೆ ಹರಡಿದವು. ನಮ್ಮ ಜೇಬಿನ ಬ್ಯಾಂಕ್ ಕಾರ್ಡಿನಲ್ಲಿರುವುದೂ ಅವೇ.

ಅಕ್ಕನ ಮಗ ಇರುವುದು ನಿಶಿ ಕಸಾಯ್ ಎಂಬಲ್ಲಿ. ಭಾರತದ ಸಾಫ್ಟ್‌ವೇರ್ ಸಂಸಾರಗಳೇ ತುಂಬಿರುವ ಬಡಾವಣೆ. ಕರಿಬೇವು ತರಲು ಅಂಗಡಿಗೆ ಹೋದೆವು. ಅಂಗಡಿಯವನು ಮುಂದೆ ಸರಿಸಿದ ಕ್ಯೂ.ಆರ್. ಕೋಡನ್ನು ಹುಡುಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪೇಪೇ ಎಂಬ ಆ್ಯಪಿನಲ್ಲಿ ಹಣ ಕೊಟ್ಟ. "ಇದು ನಮ್ಮ ಊರಿನದೇ ಕ್ರಮ" ಎಂದಳು ನನ್ನ ಹೆಂಡತಿ. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯೂ.ಆರ್. ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಐಚಿ ಪ್ರಾಂತದಲ್ಲಿ. ಕಾರಿನ ಬಿಡಿಭಾಗಗಳ ಪೆಟ್ಟಿಗೆಗೆ ಅಂಟಿಸಲು ಡೆನ್ಸೊ ಕಂಪನಿಯ ಮಸಹಿರೊ ಹಾರಾ ಅದನ್ನು ರೂಪಿಸಿದರು. ಪೇಟೆಂಟ್ ಇದ್ದರೂ ಕಂಪನಿ ಯಾರಿಂದಲೂ ಕಾಸು ಕೇಳಲಿಲ್ಲ. ಅದರಿಂದ ಹಣ ಪಾವತಿಯ ಲೋಕವನ್ನು ಕಟ್ಟಿದ್ದು ಚೀನಾ, ಆಮೇಲೆ ಭಾರತ. 2018ರಲ್ಲಿ ಪೇಪೇ ಶುರುವಾದಾಗ ಅದರ ಹಿಂದಿನ ತಂತ್ರಜ್ಞಾನಕ್ಕೆ ನೆರವಾದದ್ದು ನೊಯ್ಡಾದ ಪೇಟಿಎಂ. ರಾಮನಗರದ ಸೊಪ್ಪಿನ ಗಾಡಿಯಲ್ಲಿ ತೂಗುವ ಚೌಕ ಐಚಿಯಿಂದ ಹೊರಟು, ಅರ್ಧ ಏಷ್ಯಾ ಸುತ್ತಿ, ಟೋಕಿಯೊದ ಕರಿಬೇವಿನ ಅಂಗಡಿಗೆ ಮರಳಿದೆ. ಇದನ್ನು ಯಾವ ದೇಶದ ತಂತ್ರಜ್ಞಾನ ಎನ್ನುವುದು?

ಭಾನುವಾರ, ಗಿಂಜಾ

ದುಬಾರಿ ಅಂಗಡಿಗಳ ಬೀದಿ. ನಮಗೆ ಅಲ್ಲಿದ್ದ ಕೆಲಸ ಒಂದೇ, ಸೈಕೊ ಗಡಿಯಾರಗಳ ಮ್ಯೂಸಿಯಂ. ನನ್ನ ಕೈಯಲ್ಲಿರುವುದು ಅಪ್ಪ ಕಟ್ಟುತ್ತಿದ್ದ ಎಚ್.ಎಂ.ಟಿ. ಬೆಂಗಳೂರಿನ ಆ ಕಾರ್ಖಾನೆಗೆ ಕೈಗಡಿಯಾರದ ವಿದ್ಯೆ ಕಲಿಸಿದ್ದು ಜಪಾನಿನದೇ ಇನ್ನೊಂದು ಕಂಪನಿ, ಸಿಟಿಜನ್. ಅದು 1961ರ ಮಾತು. ಜಪಾನಿಗೆ ಕಲಿಸಿದ್ದು ಸ್ವಿಸ್ಸರು ಮತ್ತು ಅಮೆರಿಕದವರು.

1969ರ ಡಿಸೆಂಬರ್ 25ರಂದು ಸೈಕೊ ಮಾರಾಟಕ್ಕಿಟ್ಟ ಆಸ್ಟ್ರಾನ್ ಇಲ್ಲಿದೆ. ಸ್ಪ್ರಿಂಗ್ ಬದಲು ಬ್ಯಾಟರಿ ಮತ್ತು ಹರಳಿನಿಂದ ನಡೆಯುವ, ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಬೆಲೆ 4,50,000 ಯೆನ್, ಆಗಿನ ಕಾಲಕ್ಕೆ ಒಂದು ಸಣ್ಣ ಕಾರಿನ ಹಣ. ಸ್ವಿಸ್ಸರ ಬಳಿಯೂ ಕ್ವಾರ್ಟ್ಜ್ ಮಾದರಿ ಸಿದ್ಧವಾಗಿತ್ತು ಎನ್ನುವುದನ್ನು ಜನ ಮರೆಯುತ್ತಾರೆ. ವಿದ್ಯೆ ಇಬ್ಬರ ಕೈಯಲ್ಲೂ ಇತ್ತು, ಅವಸರ ಇದ್ದದ್ದು ಒಬ್ಬರಿಗೆ. ಮುಂದಿನ 15 ವರ್ಷಗಳಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಸುಮಾರು 90 ಸಾವಿರ ಕೆಲಸಗಳು 30 ಸಾವಿರದ ಆಸುಪಾಸಿಗೆ ಇಳಿದವು. ನಮ್ಮ ಎಚ್.ಎಂ.ಟಿ. ಸ್ಪ್ರಿಂಗ್ ಗಡಿಯಾರಗಳನ್ನೇ ನೆಚ್ಚಿಕೊಂಡಿದ್ದಾಗ ಹೊಸೂರಿನಲ್ಲಿ ಕ್ವಾರ್ಟ್ಜ್ ಹಿಡಿದು ಬಂದ ಟೈಟನ್ ಅದರ ಮಾರುಕಟ್ಟೆಯನ್ನು ಕಸಿಯಿತು. ಆದರೆ ಇಂದು ಗಿಂಜಾದ ಬೀದಿಯಲ್ಲಿ ಲಕ್ಷಾಂತರ ಯೆನ್‌ಗೆ ಮಾರಾಟವಾಗುವುದು ಸ್ವಿಸ್ಸರ ಚಕ್ರ, ಸ್ಪ್ರಿಂಗುಗಳೇ. ಸರಿಯಾದ ಸಮಯ ತೋರಿಸುವುದರಲ್ಲಿ ಜಪಾನು ಗೆದ್ದಿತು. ಸಮಯ ತೋರಿಸುವುದು ಅಷ್ಟು ಮುಖ್ಯವಲ್ಲ ಎಂದು ಗಿರಾಕಿಯನ್ನು ನಂಬಿಸುವುದರಲ್ಲಿ ಸ್ವಿಸ್ಸರು ಗೆದ್ದರು.

ಮಂಗಳವಾರ, ತೊಮಿಯೊಕಾ

ಈ ಪ್ರವಾಸ ಹೊರಟದ್ದೇ ಇಲ್ಲಿನ ರೇಷ್ಮೆ ಗಿರಣಿಗಾಗಿ. ಟೋಕಿಯೊದಿಂದ ತಕಾಸಾಕಿಗೆ ಶಿಂಕನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಸುಮಾರು 50 ನಿಮಿಷ, ಅಲ್ಲಿಂದ ಒಂದು ಖಾಸಗಿ ಮಾರ್ಗದ ಪುಟ್ಟ ರೈಲಿನಲ್ಲಿ ಇನ್ನೂ 40 ನಿಮಿಷ. ಹೆಂಡತಿ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣಿನ ಅನ್ನದ ಉಂಡೆ ತಿನ್ನುತ್ತ, ಬೀದಿಗಳೂ ತೋಟಗಳೂ ಚಿಕ್ಕದಾಗುವುದನ್ನು ನೋಡುತ್ತ ಕೂತಿದ್ದಳು.

ತೊಮಿಯೊಕಾದ ರೇಷ್ಮೆ ಗಿರಣಿಯನ್ನು ಜಪಾನ್ ಸರ್ಕಾರ ಕಟ್ಟಿಸಿದ್ದು 1872ರಲ್ಲಿ. 2014ರಿಂದ ಅದು ವಿಶ್ವ ಪರಂಪರೆಯ ತಾಣ. ಒಳಗೆ ಕಾಲಿಟ್ಟಾಗ ಮೊದಲು ಎದುರಾಗುವ ಗೂಡಿನ ಉಗ್ರಾಣ ಸುಮಾರು 104 ಮೀಟರ್ ಉದ್ದದ್ದು. ಮರದ ಚೌಕಟ್ಟು, ನಡುವೆ ಇಟ್ಟಿಗೆ ತುಂಬಿದ ಗೋಡೆ. ಇಟ್ಟಿಗೆಯೆಂದರೆ ಏನೆಂದೇ ಅರಿಯದಿದ್ದ ಊರಿನಲ್ಲಿ ಹೆಂಚು ಸುಡುವವರನ್ನು ಕರೆಸಿ, ಫ್ರೆಂಚರು ಹೇಳಿಕೊಟ್ಟ ಹಾಗೆ ಸುಡಿಸಿದರು. ಸಿಮೆಂಟ್ ಇರಲಿಲ್ಲ, ಸುಣ್ಣದ ಗಾರೆಯಲ್ಲಿ ಕಟ್ಟಿದರು. ಯಂತ್ರಗಳೂ ಕಿಟಕಿಯ ಗಾಜುಗಳೂ ಫ್ರಾನ್ಸಿನಿಂದ ಹಡಗಿನಲ್ಲಿ ಬಂದವು. ಉಸ್ತುವಾರಿಗೆ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡದ್ದು ಪಾಲ್ ಬ್ರೂನಾ ಎಂಬ ಫ್ರೆಂಚ್ ರೇಷ್ಮೆ ತಜ್ಞನನ್ನು.

ಸರ್ಕಾರ ಇಷ್ಟು ಖರ್ಚಿಗೆ ಇಳಿಯಲು ಕಾರಣವಿತ್ತು. ಯುರೋಪಿನ ಹುಳುಗಳಿಗೆ ಪೆಬ್ರಿನ್ ರೋಗ ಬಡಿದು, ಜಪಾನಿನ ರೇಷ್ಮೆಗೆ ಒಮ್ಮೆಲೇ ಬೇಡಿಕೆ ಏರಿತ್ತು. ಬೇಡಿಕೆ ಏರಿದಾಗ ಆಗುವುದೇ ಆಯಿತು: ಎಳೆ ಒಂದೇ ಸಮವಿಲ್ಲದ ನೂಲನ್ನು ಮಾರಿ ಹೆಸರು ಕೆಡಿಸಿಕೊಂಡರು. ರಾಮನಗರದಲ್ಲಿ ಚರಕದ ರೇಷ್ಮೆಯ ವಿಷಯದಲ್ಲಿ ಇದೇ ಮಾತನ್ನು ಬಾಲ್ಯದಿಂದ ಕೇಳುತ್ತ ಬೆಳೆದವನು ನಾನು. ನಮ್ಮ ಮನೆಯಲ್ಲೂ ಚರಕವಿತ್ತು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹಿಡಿಯುವ ಹೆಂಗಸರ ಬೆರಳುಗಳು ಹೇಗಿರುತ್ತವೆಂದು ಯಾರೂ ನನಗೆ ವಿವರಿಸಬೇಕಿಲ್ಲ.

ಗಿರಣಿಗೆ ಗೂಡು ಬೇಯಿಸಿ ಎಳೆ ತೆಗೆಯುವ 300 ಬೇಸಿನ್‌ಗಳು ಬಂದರೂ ಕೆಲಸಕ್ಕೆ ಹೆಣ್ಣುಮಕ್ಕಳು ಬರಲಿಲ್ಲ. ಫ್ರೆಂಚರು ಊಟದ ಜೊತೆ ಕುಡಿಯುತ್ತಿದ್ದ ಕೆಂಪು ವೈನ್ ನೋಡಿ, ಅವರು ರಕ್ತ ಕುಡಿಯುತ್ತಾರೆಂದು ಸುದ್ದಿ ಹಬ್ಬಿತ್ತು. ಕೊನೆಗೆ ಗಿರಣಿಯ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಹದಿಹರೆಯದ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿ ಜನರ ಭಯ ಬಿಡಿಸಿದ.

ನನ್ನ ಕಣ್ಣು ಹುಡುಕುತ್ತಿದ್ದದ್ದು ಫ್ರೆಂಚ್ ಯಂತ್ರವನ್ನು ಇವರು ಹೇಗೆ ಬದಲಿಸಿದರು ಎಂಬುದನ್ನು. ಬ್ರೂನಾ ತರಿಸುವಾಗಲೇ ಜಪಾನಿ ಹೆಂಗಸರ ಎತ್ತರಕ್ಕೆ ಹೊಂದುವಂತೆ ತಗ್ಗಿಸಿ ಮಾಡಿಸಿದ್ದ. ಇನ್ನೊಂದು, ಜಪಾನಿನ ತೇವದ ಗಾಳಿಯಲ್ಲಿ ನೂಲು ಬೇಗ ಒಣಗದೆ ರಾಟೆಯ ಮೇಲೆಯೇ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಮೊದಲು ಸಣ್ಣ ರಾಟೆಗೆ ಸುತ್ತಿ, ಆಮೇಲೆ ದೊಡ್ಡದಕ್ಕೆ ಮರುಸುತ್ತುವ ಕ್ರಮ ಮಾಡಿಕೊಂಡರು. ನಮ್ಮ ಕಾಟೇಜ್ ಬೇಸಿನ್ ಎಂಬ ಸಣ್ಣ ನೂಲು ಬಿಚ್ಚುವ ಘಟಕಗಳಲ್ಲೂ ಮರುಸುತ್ತುವ ಕೆಲಸವಿದೆ.

ಹೀಗಿದ್ದೂ ಸರ್ಕಾರದ ಕೈಯಲ್ಲಿ ಈ ಗಿರಣಿ ದುಡ್ಡು ಮಾಡಲಿಲ್ಲ. 1893ರಲ್ಲಿ ಅದನ್ನು ಮಿತ್ಸುಯಿಯವರಿಗೆ ಮಾರಿದರು. ಲಾಭವಾದದ್ದು ಬೇರೆ ಕಡೆ. ಇಲ್ಲಿ ಕಲಿತ ಹೆಣ್ಣುಮಕ್ಕಳು ಊರಿಗೆ ಮರಳಿ ಇತರರಿಗೆ ಕಲಿಸಿದರು. ಪಕ್ಕದ ನಗಾನೊ ಪ್ರಾಂತದಲ್ಲಿ ಕಬ್ಬಿಣದ ಬದಲು ಮರ, ಲೋಹದ ಬಾಣಲೆಯ ಬದಲು ಮಣ್ಣಿನ ಬಾಣಲೆ ಹಾಕಿ, ಇದೇ ಯಂತ್ರದ ಬಡವರ ಆವೃತ್ತಿಗಳನ್ನು ನೂರಾರು ಕಡೆ ಎಬ್ಬಿಸಿದರು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನು ಚೀನಾವನ್ನು ಹಿಂದಿಕ್ಕಿತು. ನನ್ನನ್ನು ಕೇಳಿದರೆ ಮ್ಯೂಸಿಯಂ ಆಗಬೇಕಿದ್ದದ್ದು ಆ ಮಣ್ಣಿನ ಬಾಣಲೆಗಳ ಕೊಟ್ಟಿಗೆ. ಆದರೆ ಅಂಥವು ಉಳಿಯುವುದಿಲ್ಲ, ಉಳಿಯುವುದು ಇಟ್ಟಿಗೆ.

ಸರ್ ಎಂ. ವಿಶ್ವೇಶ್ವರಯ್ಯ ಜಪಾನಿಗೆ ಬಂದದ್ದು 1898ರಲ್ಲಿ, ಸರಿಯಾಗಿ ಈ ಭರಾಟೆಯ ನಡುವೆ. ಅದೇ ಕಾಲದಲ್ಲಿ ಜೆ.ಎನ್. ಟಾಟಾ ಜಪಾನೀ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿಯ ಪಕ್ಕದ ಟಾಟಾ ಸಿಲ್ಕ್ ಫಾರಂನಲ್ಲಿ ಈಗ ಹಿಪ್ಪುನೇರಳೆಯ ಒಂದು ಎಲೆಯೂ ಸಿಗದು, ಹೆಸರು ಮಾತ್ರ ಇದೆ.

ನೂಲು ಬಿಚ್ಚುವ ಸಭಾಂಗಣದ ಉದ್ದ 140 ಮೀಟರ್. ಅಲ್ಲಿ ಫ್ರೆಂಚ್ ಯಂತ್ರಗಳಿಲ್ಲ. 1987ರಲ್ಲಿ ಗಿರಣಿ ಮುಚ್ಚಿದ ದಿನ ಇದ್ದ ಸ್ವಯಂಚಾಲಿತ ಯಂತ್ರಗಳು ಸಾಲಾಗಿ ನಿಂತಿವೆ. ತಯಾರಿಸಿದವರು ನಿಸ್ಸಾನ್. ಹೌದು, ಕಾರಿನವರೇ. ಅದರ ಮುಂದೆ ನಿಂತಾಗ ನನಗೆ ನಗು ಬಂತು, ಏಕೆಂದರೆ ಇದನ್ನು ನಾನು ರಾಮನಗರದಲ್ಲಿ ಹತ್ತಾರು ಸಲ ನೋಡಿದ್ದೇನೆ. ನಾವು ಎ.ಆರ್.ಎಂ. (ಆಟೊಮ್ಯಾಟಿಕ್ ರೀಲಿಂಗ್ ಮಷಿನ್) ಎನ್ನುವ, ಸಬ್ಸಿಡಿಯಲ್ಲಿ ಚೀನಾದಿಂದ ತರಿಸುವ ಯಂತ್ರ ಇದರದೇ ಸಂತಾನ. ಇದರ ಜೀವ ಇರುವುದು ಒಂದು ಸಣ್ಣ ಗೇಜಿನಲ್ಲಿ. ಎಳೆ ಎರಡು ಗಾಜಿನ ಬಿಲ್ಲೆಗಳ ನಡುವಿನ ಕಿರಿದಾದ ಸಂದಿನಲ್ಲಿ ಉಜ್ಜಿಕೊಂಡು ಹಾಯುತ್ತದೆ. ಎಳೆ ತೆಳುವಾದ ಕ್ಷಣ ಉಜ್ಜುವಿಕೆ ಕಡಿಮೆಯಾಗಿ ಒಂದು ಸನ್ನೆ ಸರಿಯುತ್ತದೆ. ಸನ್ನೆ ಸರಿದರೆ ಯಂತ್ರ ಹೊಸ ಗೂಡಿನ ಎಳೆಯನ್ನು ಸೇರಿಸುತ್ತದೆ. ನಮ್ಮ ಹೆಂಗಸರು ಕಣ್ಣಿನಲ್ಲಿ ಅಳೆದು ಬೆರಳಿನಲ್ಲಿ ಎಸೆಯುತ್ತಿದ್ದದ್ದನ್ನು ಎರಡು ಗಾಜಿನ ಚೂರು ಮಾಡುತ್ತವೆ. ಯುರೋಪಿನಲ್ಲಿ ರೇಷ್ಮೆಯೇ ಮುಗಿದುಹೋಗುತ್ತಿದ್ದ ಕಾಲದಲ್ಲಿ ಜಪಾನಿನವರು ಕೂತು ಮಾಡಿದ ಕೆಲಸವಿದು. ಅವರಿಂದ ಚೀನಾ ಕಲಿತಿತು. ಚೀನಾದಿಂದ ನಾವು ಕೊಂಡೆವು.

ಯಂತ್ರಕ್ಕೆ ತಕ್ಕ ಗೂಡೂ ಬೇಕಲ್ಲ. ನಮ್ಮ ಹಳದಿ ಮಿಶ್ರತಳಿಯ ಗೂಡು ಇದಕ್ಕೆ ಒಗ್ಗದು, ಬಿಳಿಯ ದ್ವಿತಳಿ ಬೇಕು. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನ್ ಸರ್ಕಾರದ ಸಹಕಾರ ಸಂಸ್ಥೆ ಜೈಕಾದ ನೆರವಿನಿಂದ ಜಪಾನೀ ತಜ್ಞರು ನಮ್ಮವರ ಜೊತೆ ಕೆಲಸ ಮಾಡಿದ್ದು ಆ ತಳಿಗಳಿಗಾಗಿಯೇ. ಹುಳು ನೇರವಾಗಿ ಜಪಾನಿನ ನೆರವಿನಿಂದ ಬಂತು, ಯಂತ್ರ ಚೀನಾವನ್ನು ಬಳಸಿಕೊಂಡು ಬಂತು.

ಸಭಾಂಗಣದಲ್ಲಿ ಇಲ್ಲದ್ದು ಒಂದೇ, ಬೆಂದ ಹುಳುವಿನ ವಾಸನೆ. ಹೆಂಡತಿಗೆ ಅದೇ ದೊಡ್ಡ ಸಮಾಧಾನ. ನೂಲು ಬಿಚ್ಚುವ ಘಟಕ ನಡೆಸುವ ರಾಮನಗರದ ಗೆಳೆಯನಿಗೆ ಗೇಜಿನ ಹತ್ತಿರದ ಫೋಟೊ ತೆಗೆದು ಕಳಿಸಿದೆ.

ಬುಧವಾರ, ಮಳೆ

ಅಕ್ಕನ ಮಗನಿಗೆ ಒಂದು ಕಚೇರಿಯಲ್ಲಿ ಕೆಲಸವಿತ್ತು, ಜೊತೆಗೆ ಹೋದೆ. ಕಾಗದದ ಅರ್ಜಿ, ಅದೇ ವಿಳಾಸವನ್ನು ಮತ್ತೆ ಬರೆಯುವ ಇನ್ನೊಂದು ಅರ್ಜಿ, ಮುದ್ರೆ ಒತ್ತುವ ಜಾಗ, ಮೂಲೆಯಲ್ಲಿ ಫ್ಯಾಕ್ಸ್ ಯಂತ್ರ. ಗುಮಾಸ್ತೆ ಅತ್ಯಂತ ಸೌಜನ್ಯದಿಂದ, ಎರಡೂ ಕೈ ಚಾಚಿ ಅರ್ಜಿ ಪಡೆದು, ತಪ್ಪಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದರು. ಸರ್ಕಾರಿ ಕೆಲಸಗಳಲ್ಲಿ ಫ್ಲಾಪಿ ಡಿಸ್ಕ್ ಕೇಳುವ ನಿಯಮಗಳನ್ನು ಈ ದೇಶ ಕೈಬಿಟ್ಟದ್ದು 2024ರಲ್ಲಿ. "ನಮ್ಮ ಊರಿನ ನಾಡಕಚೇರಿಯಲ್ಲಿ ಇದಕ್ಕಿಂತ ಬೇಗ ಆಗುತ್ತದೆ" ಎಂದೆ. "ಸರ್ವರ್ ಇದ್ದರೆ ತಾನೆ ಮಾವ?" ಎಂದ. ಆ ಮಾತು ಅಲ್ಲಿಗೆ ನಿಂತಿತು. ಉಳಿದ ಹೊತ್ತೆಲ್ಲ ಮಳೆ, ಮನೆಯಲ್ಲಿ ಬಿಸಿ ಬಿಸಿ ಸಾರು.

ಗುರುವಾರ, ನಗೋಯಾ

ಟೋಕಿಯೊದಿಂದ ನಗೋಯಾಗೆ ನೊಜೊಮಿ ರೈಲಿನಲ್ಲಿ ಸುಮಾರು 1 ಗಂಟೆ 40 ನಿಮಿಷ. ಗಾಡಿಗೆ 16 ಬೋಗಿ, 1,323 ಆಸನ, ಕೆಲವು ನಿಮಿಷಗಳಿಗೊಂದು ಗಾಡಿ. ಬಲಗಡೆ ಕೂತರೆ ಫ್ಯೂಜಿ ಕಾಣುತ್ತದೆ, ಮೋಡವಿಲ್ಲದಿದ್ದರೆ. ಮೋಡವಿತ್ತು.

ಫ್ಯೂಜಿ ಕಾಣದವನಿಗೆ ಫ್ಯೂಜಿ ನದಿಯಾದರೂ ಸಿಕ್ಕಿತು. ಈ ನದಿಯ ಪೂರ್ವಕ್ಕೆ ಜಪಾನಿನ ವಿದ್ಯುತ್ತಿನ ಆವರ್ತನ (ಸೆಕೆಂಡಿಗೆ ಅಲೆಗಳ ಎಣಿಕೆ) 50 ಹರ್ಟ್ಜ್, ಪಶ್ಚಿಮಕ್ಕೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊದ ಕಂಪನಿ ಜರ್ಮನಿಯ ಎ.ಇ.ಜಿ. ಜನರೇಟರ್ ಕೊಂಡಿತು, ಒಸಾಕಾದ ಕಂಪನಿ ಅಮೆರಿಕದ ಜಿ.ಇ. ಕೊಂಡಿತು. ಇಬ್ಬರು ವ್ಯಾಪಾರಿಗಳ ಆ ಖರೀದಿ ಇಂದಿಗೂ ದೇಶವನ್ನು ಸೀಳಿ ನಿಂತಿದೆ. 2011ರ ಭೂಕಂಪದ ನಂತರ ಪೂರ್ವದಲ್ಲಿ ವಿದ್ಯುತ್ತಿಗೆ ಹಾಹಾಕಾರವಾದಾಗ, ಪಶ್ಚಿಮದಿಂದ ಪರಿವರ್ತಿಸಿ ಕಳಿಸಲು ಸಾಧ್ಯವಿದ್ದದ್ದು ಸುಮಾರು 1,000 ಮೆಗಾವ್ಯಾಟ್ ಮಾತ್ರ. ಅತ್ಯಂತ ಶಿಸ್ತಿನ ದೇಶವೆಂದು ನಾವು ಹೊಗಳುವ ಜಾಗದಲ್ಲಿ ಇಂಥ ಗಂಟೊಂದು ನೂರು ವರ್ಷ ಬಿಡಿಸಿಕೊಳ್ಳದೆ ಇದೆ. ನಾನು ಕೂತ ರೈಲು ಮಾತ್ರ ಉದ್ದಕ್ಕೂ 60 ಹರ್ಟ್ಜ್‌ನಲ್ಲೇ ಓಡುತ್ತದೆ. ಪೂರ್ವದ ಭಾಗದಲ್ಲಿ ಪರಿವರ್ತಕ ಕೇಂದ್ರಗಳನ್ನು ಕಟ್ಟಿಕೊಂಡಿದ್ದಾರೆ.

ಈ ಮಾರ್ಗ ತೆರೆದದ್ದು 1964ರ ಅಕ್ಟೋಬರ್ 1ರಂದು, ವಿಶ್ವ ಬ್ಯಾಂಕಿನ 8 ಕೋಟಿ ಡಾಲರ್ ಸಾಲದ ನೆರವು ಪಡೆದು. ಖರ್ಚು ಅಂದಾಜಿನ ಎರಡರಷ್ಟಕ್ಕೆ ಏರಿ, ರೈಲ್ವೆಯ ಅಧ್ಯಕ್ಷ ಸೊಗೊ ಶಿಂಜಿ ಮತ್ತು ಮುಖ್ಯ ಎಂಜಿನಿಯರ್ ಶಿಮಾ ಹಿದೆಯೊ 1963ರಲ್ಲೇ ಹುದ್ದೆ ಬಿಟ್ಟಿದ್ದರು. ಉದ್ಘಾಟನೆಯ ವೇದಿಕೆಯಲ್ಲಿ ಇಬ್ಬರೂ ಇರಲಿಲ್ಲ. ಈಗ ಮುಂಬಯಿ–ಅಹಮದಾಬಾದ್ ನಡುವಿನ 508 ಕಿ.ಮೀ. ಮಾರ್ಗಕ್ಕೆ ಅದೇ ಜಪಾನು 0.1 ಶೇಕಡಾ ಬಡ್ಡಿಗೆ, 50 ವರ್ಷದ ಅವಧಿಗೆ ಸಾಲ ಕೊಡುತ್ತದೆ.

ಶಿಮಾ ಅವರ ನಿರ್ಧಾರವೊಂದು ನನಗೆ ಬಹಳ ಹಿಡಿಸುತ್ತದೆ. ಎಂಜಿನ್ ಮುಂದೆ ಎಳೆಯುವ ಬದಲು ಬೋಗಿಗಳ ಅಡಿಯಲ್ಲೇ ಮೋಟಾರುಗಳನ್ನು ಹಂಚುವುದು. ಜಪಾನಿನ ನೆಲ ಮೆದು, ಭೂಕಂಪದ್ದು. ಭಾರವೆಲ್ಲ ಒಂದೇ ಕಡೆ ಬಿದ್ದರೆ ಹಳಿಗೂ ಸೇತುವೆಗೂ ಕಷ್ಟ. ಫ್ರೆಂಚರ ವೇಗದ ರೈಲು ಟಿ.ಜಿ.ವಿ. 1981ರಲ್ಲಿ ಬಂದಾಗ ಎರಡು ತುದಿಯಲ್ಲಿ ಎಂಜಿನ್ ಇಟ್ಟಿತು. ಅವರ ನೆಲ ಗಟ್ಟಿ, ಅವರಿಗೆ ಅದು ಅಗ್ಗ. 2007ರಲ್ಲಿ 574.8 ಕಿ.ಮೀ. ವೇಗದ ದಾಖಲೆ ಬರೆದವರೂ ಅವರೇ. ಆದರೆ ಜರ್ಮನಿಯ ಹೊಸ ಐ.ಸಿ.ಇ.ಗಳೂ ಚೀನಾದ ಗಾಡಿಗಳೂ ಹಿಡಿದದ್ದು ಮೋಟಾರು ಹಂಚುವ ದಾರಿಯನ್ನು. ಚೀನಾ 2004ರಲ್ಲಿ ಕವಾಸಾಕಿಯವರಿಂದ ಶಿಂಕನ್ಸೆನ್ ವಿನ್ಯಾಸವನ್ನು ಕೊಂಡಿತು, ಜರ್ಮನಿ ಮತ್ತು ಫ್ರಾನ್ಸಿನಿಂದಲೂ ಕೊಂಡಿತು. ಈಗ ಅಲ್ಲಿನ ಜಾಲ 45 ಸಾವಿರ ಕಿ.ಮೀ. ದಾಟಿದೆ, ವೇಗ 350. ಜಪಾನಿನದು ಸುಮಾರು 3 ಸಾವಿರ ಕಿ.ಮೀ., ನಾನು ಕೂತ ಗಾಡಿಯ ಗರಿಷ್ಠ ವೇಗ 285. ಸೋಲೇ? ಈ ಮಾರ್ಗದ ತಿರುವುಗಳು 1960ರ ದಶಕದವು, 2,500 ಮೀಟರ್ ತ್ರಿಜ್ಯದ್ದು; ಬೀಜಿಂಗ್–ಶಾಂಘೈ ಮಾರ್ಗದಲ್ಲಿ ಕನಿಷ್ಠ 7,000. ಹಳೆಯ ತಿರುವಿನಲ್ಲೇ ಹೆಚ್ಚು ವೇಗ ತೆಗೆಯಲು ಗಾಳಿಯ ಸ್ಪ್ರಿಂಗಿನಿಂದ ಬೋಗಿಯನ್ನು ಒಂದು ಡಿಗ್ರಿ ವಾಲಿಸುತ್ತಾರೆ. ಹೆಂಡತಿಯ ಕೈಯಲ್ಲಿದ್ದ ಚಹಾ ತುಳುಕಲಿಲ್ಲ. ಅರವತ್ತು ವರ್ಷಗಳಲ್ಲಿ ಹಳಿ ತಪ್ಪಿ ಅಥವಾ ಡಿಕ್ಕಿಯಾಗಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಜರ್ಮನಿಯ ಎಶೆಡೆಯಲ್ಲಿ 1998ರಲ್ಲಿ 101 ಮಂದಿ, ಚೀನಾದ ವೆನ್‌ಜೋದಲ್ಲಿ 2011ರಲ್ಲಿ 40 ಮಂದಿ ತೀರಿಕೊಂಡರು. ಕೋಷ್ಟಕದಲ್ಲಿ ವೇಗದ ಕಾಲಮ್ಮನ್ನು ಮಾತ್ರ ಓದುವವರಿಗೆ ಈ ಸಾಲು ಕಾಣುವುದಿಲ್ಲ.

ಮಧ್ಯಾಹ್ನ ಟೊಯೋಟಾದ ಉದ್ಯಮ ಮ್ಯೂಸಿಯಂ. ಸಕಿಚಿ ಟೊಯೋಡಾ ಮಗ್ಗದ ಪ್ರಯೋಗ ನಡೆಸುತ್ತಿದ್ದ ಕೆಂಪು ಇಟ್ಟಿಗೆಯ ಹಳೆಯ ಕಾರ್ಖಾನೆಯಲ್ಲೇ ಇದೆ. 1924ರ ಜಿ ಮಾದರಿಯ ಮಗ್ಗವನ್ನು ಓಡಿಸಿ ತೋರಿಸುತ್ತಾರೆ. ಲಾಳಿಯ ನೂಲು ಮುಗಿಯುತ್ತ ಬಂದರೆ ಮಗ್ಗ ನಿಲ್ಲದೆಯೇ ಹೊಸ ಲಾಳಿ ಬಂದು ಕೂರುತ್ತದೆ. ಹಾಸಿನ ಒಂದೇ ಎಳೆ ಕಡಿದರೂ ಮಗ್ಗ ತಾನೇ ನಿಲ್ಲುತ್ತದೆ. ತೋರಿಸುತ್ತಿದ್ದ ಹುಡುಗಿ ಕತ್ತರಿಯಿಂದ ಒಂದು ಎಳೆ ಕತ್ತರಿಸಿದಳು. ಖಟ್ ಎಂದು ಎಲ್ಲ ಸ್ತಬ್ಧ. ಹೆಂಡತಿ ಚಪ್ಪಾಳೆ ತಟ್ಟಿದಳು. ಆಕೆಯ ತವರು ದೊಡ್ಡಬಳ್ಳಾಪುರ, ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. "ನಮ್ಮ ಮನೆಯಲ್ಲಿ ಎಳೆ ಕಡಿದದ್ದು ಗೊತ್ತಾಗುತ್ತಿದ್ದದ್ದು ಸೀರೆ ಕೆಟ್ಟ ಮೇಲೆ" ಎಂದಳು.

ಹತ್ತಿ ಬಟ್ಟೆಯ ಯಂತ್ರಗಳಲ್ಲಿ ಜಗತ್ತಿಗೇ ಹಿರಿಯಣ್ಣನಾಗಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕಿಗೆ 1 ಲಕ್ಷ ಪೌಂಡ್ ಒಪ್ಪಿಕೊಂಡಿತು. ಶಿಷ್ಯನಿಂದ ಗುರು ಕೊಂಡ ಸಂದರ್ಭ. ಮಗ್ಗದ ಕಂಪನಿಯೊಳಗೆ ಮಗ ಕಿಚಿರೊ ಮೋಟಾರು ವಿಭಾಗ ತೆರೆದು, ಶೆವ್ರೊಲೆ ಎಂಜಿನನ್ನು ಬಿಚ್ಚಿ ಜೋಡಿಸಿ ಕಲಿತು, 1936ರಲ್ಲಿ ಎಎ ಮಾದರಿಯ ಕಾರನ್ನು ಹೊರತಂದ. ಆ ಕಾರಿನ ದುಂಡನೆಯ ಮೂತಿ ನೋಡಿದರೆ ಅಮೆರಿಕದ ಕ್ರೈಸ್ಲರ್ ಕಾರುಗಳ ಹೋಲಿಕೆ ಯಾರಿಗಾದರೂ ತಿಳಿಯುತ್ತದೆ. ಮ್ಯೂಸಿಯಂ ಅದನ್ನು ಮುಚ್ಚಿಡುವುದೂ ಇಲ್ಲ.

ನಮ್ಮ ಊರಿನಿಂದ ಅರ್ಧ ಗಂಟೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ, ಜಿಗಣಿಯಲ್ಲಿ ಅದೇ ಜೋಡಿಯ ಜವಳಿ ಯಂತ್ರಗಳ ಕಾರ್ಖಾನೆಯೂ ಇದೆ. ಜಿಗಣಿಯದು ಶುರುವಾದದ್ದು 1995ರಲ್ಲಿ, ಕಾರಿಗಿಂತ ಮೊದಲು. ಸಕಿಚಿಯ ಮನೆತನದ ಅನುಕ್ರಮ ಕರ್ನಾಟಕದಲ್ಲೂ ತಪ್ಪಲಿಲ್ಲ.

ಶುಕ್ರವಾರ, ಮ್ಯಾಗ್ಲೆವ್

ನಗೋಯಾ ಬಂದರಿನ ಬಳಿಯ ರೈಲು ಮ್ಯೂಸಿಯಂನ ಮೊದಲ ಕತ್ತಲೆ ಸಭಾಂಗಣದಲ್ಲಿ ಮೂರು ಗಾಡಿಗಳು: ಗಂಟೆಗೆ 129 ಕಿ.ಮೀ. ಓಡಿದ ಉಗಿಬಂಡಿ, 443 ಓಡಿದ ಪ್ರಾಯೋಗಿಕ ಶಿಂಕನ್ಸೆನ್, 2003ರಲ್ಲಿ 581 ಓಡಿದ, ಕಾಂತಬಲದಿಂದ ಮೇಲೆದ್ದು ತೇಲುವ ಮ್ಯಾಗ್ಲೆವ್. 2015ರಲ್ಲಿ ಯಮನಾಶಿಯ ಪರೀಕ್ಷಾ ಮಾರ್ಗದಲ್ಲಿ ಇದರ ತಮ್ಮ 603 ಮುಟ್ಟಿತು. ಮನುಷ್ಯರು ಕೂತ ಯಾವ ರೈಲೂ ಅಷ್ಟು ಓಡಿಲ್ಲ.

ಚೀನಾದ ಶಾಂಘೈಯಲ್ಲಿ ಓಡುವ ಮ್ಯಾಗ್ಲೆವ್ ಜರ್ಮನ್ ತಂತ್ರಜ್ಞಾನದ್ದು, ಸಾಮಾನ್ಯ ವಿದ್ಯುತ್ಕಾಂತಗಳದ್ದು. ನೆಲದಿಂದ ಸುಮಾರು 1 ಸೆಂ.ಮೀ. ಎತ್ತರದಲ್ಲಿ ತೇಲುತ್ತದೆ. ಜಪಾನಿನದು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿಸಿದ ಅತಿವಾಹಕ ಕಾಂತಗಳದ್ದು, 10 ಸೆಂ.ಮೀ. ಏಳುತ್ತದೆ. ಭೂಮಿ ನಡುಗಿದರೂ ತಾಗಬಾರದೆಂದು ಅಷ್ಟು ಎತ್ತರ. ಆದರೆ ಗಂಟೆಗೆ 150 ಕಿ.ಮೀ. ತಲುಪುವ ತನಕ ಇದು ಏಳುವುದಿಲ್ಲ, ರಬ್ಬರ್ ಚಕ್ರದ ಮೇಲೆ ಓಡುತ್ತದೆ, ವಿಮಾನದಂತೆ.

ಯಾವುದು ಮೇಲು ಎಂದು ಕೇಳಿದರೆ ಎಂಜಿನಿಯರರು ಜಪಾನಿನತ್ತ ಕೈ ತೋರಿಸುತ್ತಾರೆ. ಟಿಕೆಟ್ ಕೊಂಡು ಹತ್ತುವವನು ಶಾಂಘೈಗೆ ಹೋಗಬೇಕು. ಅಲ್ಲಿ 30 ಕಿ.ಮೀ. ಮಾರ್ಗ 2004ರಿಂದ ಜನರನ್ನು ಹೊರುತ್ತಿದೆ. ಟೋಕಿಯೊ–ನಗೋಯಾ ನಡುವಿನ 286 ಕಿ.ಮೀ. ಮ್ಯಾಗ್ಲೆವ್ 2027ಕ್ಕೆ ಎಂದಿದ್ದದ್ದು ಈಗ 2034ಕ್ಕೂ ಮೊದಲು ಆಗದು. ಮಾರ್ಗದ ಬಹುಪಾಲು ಸುರಂಗ. ಸುರಂಗದಿಂದ ತಮ್ಮ ಓಯಿ ನದಿಯ ನೀರು ಬತ್ತುತ್ತದೆಂದು ಶಿಜುವೊಕಾ ಪ್ರಾಂತ ವರ್ಷಗಟ್ಟಲೆ ಒಪ್ಪಿಗೆ ಕೊಡಲಿಲ್ಲ. ಅಲ್ಲಿ ಒಂದು ನಿಲ್ದಾಣವೂ ಇಲ್ಲ, ನೀರು ಮಾತ್ರ ಹೋಗುವುದು. ಕಾವೇರಿಯ ನಾಡಿನವನಾದ ನಾನು ಶಿಜುವೊಕಾದವರನ್ನು ಬಯ್ಯಲಾರೆ.

ಶನಿವಾರ, ಮತ್ತೆ ಟೋಕಿಯೊ

ಕೊನೆಯ ದಿನ ಹೆಂಡತಿಗೆ ಅನ್ನದ ಕುಕ್ಕರ್ ಬೇಕೆಂದಿತ್ತು. ನಾಲ್ಕಂತಸ್ತಿನ ಎಲೆಕ್ಟ್ರಾನಿಕ್ಸ್ ಅಂಗಡಿ. ಟಿ.ವಿ. ಸಾಲಿನಲ್ಲಿ ಚೀನಾದ ಹೈಸೆನ್ಸ್, ಟಿ.ಸಿ.ಎಲ್. ಮುಂದಿದ್ದವು. ತೋಷಿಬಾದ ಟಿ.ವಿ. ವ್ಯಾಪಾರ 2018ರಿಂದ ಹೈಸೆನ್ಸ್ ಕೈಯಲ್ಲಿದೆ, ಶಾರ್ಪ್ 2016ರಿಂದ ತೈವಾನಿನ ಫಾಕ್ಸ್‌ಕಾನ್ ಕೈಯಲ್ಲಿದೆ. ಮೊಬೈಲಿನ ಮಹಡಿಯಲ್ಲಿ ಆ್ಯಪಲ್‌ನದೇ ಆಳ್ವಿಕೆ. 1999ರಲ್ಲೇ ಮೊಬೈಲಿಗೆ ಅಂತರ್ಜಾಲ ತಂದ ದೇಶವಿದು. ಹೊರಗಿನ ಬೀದಿಯಲ್ಲಿ ಚೀನಾದ ಬಿ.ವೈ.ಡಿ. ಕಾರಿನ ಜಾಹೀರಾತು.

"ಜಪಾನ್ ಮುಗಿಯಿತು ಅನ್ನುತ್ತಾರೆ ನಮ್ಮ ಆಫೀಸಿನವರು" ಎಂದ ಅಕ್ಕನ ಮಗ. ಮೊಬೈಲಿನ ಹೊರಗನ್ನು ನೋಡಿದರೆ ಹೌದು. ಒಳಗೆ ಹೋದರೆ ಆ್ಯಪಲ್ ಫೋನಿನ ಕ್ಯಾಮೆರಾದ ಸೆನ್ಸರ್ ಸೋನಿಯದು. ಒಳಗಿನ ಚಿಪ್ ತೈವಾನಿನಲ್ಲಿ, ಹಾಲೆಂಡಿನ ಎ.ಎಸ್.ಎಂ.ಎಲ್. ಯಂತ್ರದಲ್ಲಿ ಮುದ್ರಣವಾದರೂ, ಆ ಮುದ್ರಣಕ್ಕೆ ಬೇಕಾದ ಬೆಳಕು ತಾಗುವ ರಾಸಾಯನಿಕ ಲೇಪದ ಬಹುದೊಡ್ಡ ಪಾಲು ಜಪಾನಿನ ಕೆಲವೇ ಕಂಪನಿಗಳದು. 2019ರಲ್ಲಿ ಇದೂ ಸೇರಿ ಮೂರು ಪದಾರ್ಥಗಳ ರಫ್ತನ್ನು ಜಪಾನ್ ಬಿಗಿ ಮಾಡಿದಾಗ ಚಿಪ್‌ಗಳ ರಾಜನಾದ ದಕ್ಷಿಣ ಕೊರಿಯಾ ಕಂಗಾಲಾಗಿತ್ತು. ಆರು ತಿಂಗಳಿಗೊಮ್ಮೆ ರೂಪ ಬದಲಿಸುವ ಸರಕಿನಲ್ಲಿ ಜಪಾನು ಹಿಂದೆ ಬಿದ್ದಿದೆ. ಇಪ್ಪತ್ತು ವರ್ಷ ಒಂದೇ ಕೊಳಗದ ಮುಂದೆ ನಿಂತು ಕಲಿಯಬೇಕಾದ ಸರಕಿನಲ್ಲಿ ಅದನ್ನು ಹಿಂದೆ ಹಾಕುವವರು ಇನ್ನೂ ಬಂದಿಲ್ಲ. ಕುಕ್ಕರಿನ ತಳ ತಿರುಗಿಸಿ ನೋಡಿದೆ, ತಯಾರಾದದ್ದು ಚೀನಾದಲ್ಲಿ. ಹೆಂಡತಿ ಅದನ್ನು ಅಲ್ಲೇ ಬಿಟ್ಟು ಒಂದು ಉಗುರು ಕತ್ತರಿ ಕೊಂಡಳು.

ರಾತ್ರಿ ರಾಮನಗರದ ಗೆಳೆಯ ಕರೆ ಮಾಡಿದ. ಮಂಗಳವಾರ ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದಾನೆ.

"ಆ ಗೇಜು ನಮ್ಮದಕ್ಕಿಂತ ಚೆನ್ನಾಗಿದೆಯಪ್ಪ. ಅಲ್ಲಿ ಸಿಗುತ್ತದೆಯೇ?"

ನಿಸ್ಸಾನ್ ಈ ಯಂತ್ರದ ವ್ಯಾಪಾರವನ್ನೇ ಬಿಟ್ಟಿದೆಯೆಂದೂ, ತೊಮಿಯೊಕಾದ ಹತ್ತಿರದ ಅನ್ನಾಕಾದಲ್ಲಿ ಒಂದು ಗಿರಣಿ ಮಾತ್ರ ಹಳೆಯ ಯಂತ್ರಗಳನ್ನೇ ಸರಿಮಾಡಿಕೊಳ್ಳುತ್ತ ಇನ್ನೂ ನೂಲು ತೆಗೆಯುತ್ತಿದೆಯೆಂದೂ ಹೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಹಾಗಾದರೆ ಅವರೂ ಬಿಡಿಭಾಗಕ್ಕೆ ಪರದಾಡುತ್ತಿರಬೇಕಲ್ಲ? ನಮ್ಮ ಪೀಣ್ಯದಲ್ಲಿ ಒಬ್ಬ ಲೇತ್‌ನವನು ಸ್ಯಾಂಪಲ್ ಕೊಟ್ಟರೆ ಸಾಕು, ಮಾಡಿಕೊಡುತ್ತಾನೆ. ಬೇಕಾದರೆ ಅವನ ನಂಬರ್ ಕಳಿಸುತ್ತೇನೆ, ಅವರಿಗೆ ಕೊಟ್ಟು ಬಾ."